ನಲವತ್ತೊಂದು ಟಿಕೆಟ್ಟು

ಮೊದಲ ಆದೇಶದಲ್ಲಿ ಅಕ್ಕನ ಹೆಸರೊಂದೇ ಇತ್ತು.
ನೀಲವೇಣಿ, ಅರ್ಜಿದಾರಳು. ಅವಳ ಹತ್ತಿರ ಸುಳಿಯಕೂಡದು,
ಫೋನು ಕೂಡದು, ಗಾರ್ಮೆಂಟ್ಸ್ ಗೇಟಿನ ಮುಂದೆ ನಿಲ್ಲಕೂಡದು.
ಸೀಲು ಬಿದ್ದಿತ್ತು. ಸಹಿ ಇತ್ತು.
ಅವನು ಓದಿಕೊಂಡ. ಚೆನ್ನಾಗಿಯೇ ಓದಿಕೊಂಡ.
ಬರೆಯದೆ ಬಿಟ್ಟ ಜಾಗ ಯಾವುದೆಂದು ಹುಡುಕಿ
ನನ್ನ ಬಸ್ಸು ಹತ್ತಿದ.

ಶಿವಾಜಿನಗರದಿಂದ ಹೆಣ್ಣೂರು, ಬೆಳಗಿನ ಪಾಳಿ.
ನನ್ನ ಸೀಟಿನ ಹಿಂದಿನ ಸೀಟು.
"ಕೊನೇ ಸ್ಟಾಪು" ಅಂದ, ಸರಿಯಾದ ಚಿಲ್ಲರೆ ಕೊಟ್ಟ.
ಹೆಂಗಸರಿಗೆ ಸೊನ್ನೆ ಟಿಕೆಟ್ಟು; ಇವನು ದುಡ್ಡು ಕೊಟ್ಟು ಕೂತವನು,
ಅಂದಮೇಲೆ ಹಕ್ಕುದಾರ.
ಕೋಲ್ಸ್ ಪಾರ್ಕ್ ದಾಟುವತನಕ ಮಾತಿಲ್ಲ.
ಪಾಟರಿ ಟೌನ್ ಹತ್ತಿರ, ನನಗಲ್ಲ, ಕಿಟಕಿಗೆ ಹೇಳುವಂತೆ,
"ಪುಟ್ಟನ ಸ್ಕೂಲು ಬಿಡೋದು ಮೂರೂವರೆಗೆ, ಅಲ್ವಾ?"
ಇಳಿಯುವಾಗ ಟಿಕೆಟ್ಟು ಉಂಡೆ ಮಾಡಿ
ನನ್ನ ಕಾಲ ಬುಡಕ್ಕೆ ಹಾಕಿದ.

ಮಾರನೆಯ ದಿನ,
"ಅತ್ತೆಗೆ ಬಿಪಿ ಮಾತ್ರೆ ಈಗ ಯಾರು ತರ್ತಾರೆ?"
ಮೂರನೆಯ ದಿನ ಏನೂ ಇಲ್ಲ. ಬರೀ ನೆಟಿಕೆ ಮುರಿದ.
ಒಂದೊಂದಾಗಿ. ಹತ್ತೂ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ
ಬಾಕಿ ಬರೆದುಕೊಡುವುದು ನಮ್ಮ ವಾಡಿಕೆ. ಐದು, ಹತ್ತು.
ಇಳಿಯೋವಾಗ ಕೇಳಿ ಇಸ್ಕೊಳ್ಳಿ, ಅಂತೀವಿ.
ಒಂದಿನ ಅವನೂ ಟಿಕೆಟ್ಟು ಮುಂದಕ್ಕೆ ಹಿಡಿದ:
"ನನಗೂ ಬರೀರಿ. ನಿಮ್ಮಕ್ಕ, ಬಾಕಿ."

ಠಾಣೆಯಲ್ಲಿ ಕೇಳಿದರು. ಮುಟ್ಟಿದನಾ? ಇಲ್ಲ.
ಬೈದನಾ? ಇಲ್ಲ.
ಮತ್ತೇನಮ್ಮ, ಟಿಕೆಟ್ ತಗೊಂಡಿದಾನೆ,
ಬಸ್ಸೇನು ನಿಮ್ಮಪ್ಪಂದಾ?

ನಮ್ಮಪ್ಪಂದಲ್ಲ.
ಆದರೆ ಉಂಡೆಗಳನ್ನು ನಾನು ಬಿಸಾಡಿರಲಿಲ್ಲ.
ಒಂದಕ್ಕೆ ಇಸ್ತ್ರಿ ಹಾಕಲು ಹೋದೆ,
ಆ ಕಾಗದ ಕಾವು ತಾಳದು, ಪೂರ್ತಿ ಕರ್ರಗಾಯಿತು.
ಉಳಿದವನ್ನು ಬೆರಳಲ್ಲೇ ತೀಡಿ ಸೋಪಿನ ಡಬ್ಬಿಗೆ ಹಾಕಿದೆ.
ತಾರೀಖು, ಹೊತ್ತು, ಹತ್ತಿದ್ದು, ಇಳಿದದ್ದು.
ನಲವತ್ತೊಂದು.

ಮೇಯೋ ಹಾಲಿನಲ್ಲಿ ಲಾಯರ್ ಫರ್ಹಾನಾ
ಇಸ್ಪೀಟು ಎಲೆ ಹರಡುವಂತೆ ಹರಡಿದರು.
ಜಡ್ಜಮ್ಮ ಒಂದೊಂದನ್ನೂ ತಿರುಗಿಸಿ ನೋಡಿದರು,
ಕರ್ರಗಾದದ್ದನ್ನು ಹೆಚ್ಚು ಹೊತ್ತು.
ಕಾನೂನಿನಲ್ಲಿ ನಮಗೂ ಮೊದಲಿನಿಂದ ಜಾಗ ಇತ್ತಂತೆ.
ಅವಲಂಬಿತರು, ಸಂಬಂಧಿಕರು, ಆಕೆಗೆ ನೆರವಾದವರು.
ಯಾರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ.

ಹೆಸರು ಹೇಳಿ, ಅಂದರು.
ಅಮ್ಮ, ಮುನಿತಾಯಮ್ಮ, ಅರವತ್ತೆಂಟು.
ಪುಟ್ಟ. "ಪುಟ್ಟ ಅಂತ ಬರೆಯಕ್ಕಾಗಲ್ಲ." ಸರಿ, ನಿಶ್ಚಲ್, ಏಳು ವರ್ಷ.
ನಾನು, ಶಶಿರೇಖಾ, ಬ್ಯಾಡ್ಜ್ ನಂಬರಿನ ಸಮೇತ.
ಮತ್ತೆ ಡೆಲ್ಫಿನ್ ಆಂಟಿ.
"ಇವರು ಏನಾಗಬೇಕು?" ಟೈಪಿಸ್ಟು ತಲೆ ಎತ್ತಿದ.
ಏನೂ ಆಗಬೇಕಿಲ್ಲ. ಮೇಲಿನ ಮಹಡಿಯವರು,
ಬೇರೆ ದೇವರು, ಬೇರೆ ಅಡುಗೆ, ಅರೆಬರೆ ಕನ್ನಡ.
ಅಷ್ಟು ಹೊತ್ತೂ ಬಾಯಿ ಬಿಡದೆ ಇದ್ದ ಅಕ್ಕ
"ರಾತ್ರಿ ಎರಡಕ್ಕೆ ಬಾಗಿಲು ತೆಗೆದವರು" ಅಂದಳು.
ಬೆರಳು ಎತ್ತಿಕೊಂಡೇ ಅವನು ಜಡ್ಜಮ್ಮನ ಮುಖ ನೋಡಿದ.
"ನೆರವಾದ ವ್ಯಕ್ತಿ, ಅಂತ ಹಾಕಿ."

ಈಗ ಆ ಹಾಳೆಯ ನಕಲು ನನ್ನ ಚೀಲದಲ್ಲಿದೆ,
ನಾಣ್ಯಗಳ ಜೊತೆ ಉಜ್ಜಿಕೊಂಡು ಅಂಚು ಕಪ್ಪಾಗಿದೆ.

ನಿನ್ನೆ ಲಿಂಗರಾಜಪುರ ಸ್ಟಾಪಿನಲ್ಲಿ ನಿಂತಿದ್ದ.
ಎಲ್ಲಪ್ಪಣ್ಣ ಕನ್ನಡಿಯಲ್ಲಿ ನನ್ನ ನೋಡಿ ಬ್ರೇಕು ಹಾಕಿದರು,
ಹಾಕಲೇಬೇಕು, ಜನ ಇದ್ದರು.
ಸೊಪ್ಪಿನ ಮೂಟೆಯ ಅಜ್ಜಿ ಹತ್ತಲು ಒಂದು ಯುಗ ಹಿಡಿಯಿತು.
ಅವನ ಬಲಗಾಲು ಫುಟ್‌ಬೋರ್ಡಿನತ್ತ ಗೇಣುದ್ದ ಬಂತು,
ನಿಂತಿತು,
ಚಪ್ಪಲಿಯೊಳಗಿನ ಕಲ್ಲು ಕೊಡವುವವನಂತೆ ಹಿಂದಕ್ಕೆ ಹೋಯಿತು.

"ರೈಟ್" ಅನ್ನಲು ಹೋದೆ, ದನಿ ಬರಲಿಲ್ಲ.
ಸೀಟಿ ಊದಿದೆ.
ಅಜ್ಜಿ ನನ್ನ ಹಿಂದಿನ ಸೀಟಿನಲ್ಲೇ ಕೂತಳು,
ಸಬ್ಬಸಿಗೆಯ ವಾಸನೆ.
"ಯಾಕವ್ವ, ಹಿಂದ್ ಹಿಂದ್ಕೇ ನೋಡ್ತೀಯ?"
ಅಭ್ಯಾಸ ಅಜ್ಜಿ, ಅಂದೆ,
ಸೊನ್ನೆ ಟಿಕೆಟ್ಟು ಹರಿದು ಕೊಟ್ಟೆ.