ಮೂರೂವರೆ ನೀರು

ನಮ್ಮ ಓಣ್ಯಾಗ ಎಂಟ ದಿನಕ್ಕೊಮ್ಮೆ ನೀರು.
ಅವತ್ತ ಬಂದಿದ್ದು ರಾತ್ರಿ ಮೂರಕ್ಕ.
ಪೈಪ ಹಿಡದು ನಿಂತಿದ್ದೆ, ಪಾದ ಹೆಂಗೂ ತೊಯ್ದಿದ್ವು,
ಹಿಂಗಾಗಿ ಮೊದಲ ಗೊತ್ತಾಗ್ಲಿಲ್ಲ.
ನಳದ್ದು ತಣ್ಣಗಿತ್ತು.
ತೊಡಿಗುಂಟ ಇಳದದ್ದು ಬೆಚ್ಚಗ.

ಅತ್ತಿ ಸೀರಿ ಅಂಚು ಮೂಸಿ ನೋಡಿದ್ಲು:
"ಉಚ್ಚಿ ಅಲ್ಲವಾ ಇದು."
ಗಂಡ ಒಂದ ಕೈಲೆ ಆಟೋದವಗ ಫೋನ್ ಹಚ್ಚಿದ,
ಇನ್ನೊಂದ ಕೈಲೆ ಪೈಪ ಎರಡನೇ ಬ್ಯಾರಲ್ಲಿಗೆ ತಿರುವಿದ.
ಬೈಬ್ಯಾಡ್ರಿ ಅವನ್ನ.
ನಾನ ಹೇಳಿದ್ದೆ, ತುಂಬಸು ಅಂತ.

ಕಿಮ್ಸಿನ್ಯಾಗ ಕೇಳಿದ್ರು:
ಎಷ್ಟೊತ್ತಿಗೆ ಹೋತು, ಯಾವ ಬಣ್ಣ, ನಾತ ಇತ್ತೇನು,
ಕೂಸು ಆಡಾಕತ್ತೈತೇನು.
ಮೂವತ್ತನೇ ವಾರ.
ಯಾರೂ ಕೈ ಹಾಕಿ ನೋಡಬ್ಯಾಡ್ರಿ ಅಂತ
ಕಲಿಯೂ ಹುಡುಗ್ರಿಗೆ ಗದರಿದ್ರು ಹೂಲಿ ಮೇಡಂ.
"ಚೀಲ ಹರದೈತಿ," ಅಂದ್ರು ನನಗ.

ನಾನು ಮಷೀನಿನಾಕಿ. ಪೀಕೋ, ಫಾಲ್, ಕುಬಸ.
ಬಾಯಿಗೆ ಬಂದದ್ದ ಕೇಳೇಬಿಟ್ಟೆ:
ಹೊಲಿಯಾಕ ಬರೂದಿಲ್ಲೇನ್ರಿ?
ಅವರು ನಗಲಿಲ್ಲ.
"ಅದಕ್ಕ ಸೂಜಿ ಇಲ್ಲವಾ. ಕಾಯೂದ.
ಮೂವತ್ನಾಕು ಮುಟ್ಟಿಸೂಣು.
ಜ್ವರ ಬಂತಂದ್ರ ಮಾತ್ರ ಕಾಯೂದಿಲ್ಲ."

ನಾಕು ವಾರ.
ನಮ್ಮ ಓಣಿ ಲೆಕ್ಕದಾಗ ಮೂರೂವರೆ ನೀರು.

ಕೂಸಿನ ಉಸರಿಗೆ ಅಂತ ನನ್ನ ತೊಡಿಗೆ ನಾಕು ಇಂಜೆಕ್ಷನ್,
ಹನ್ನೆರಡು ತಾಸಿಗೊಂದರಂಗ.
ಇನ್ನೂ ಗಾಳಿ ಕಾಣದ ಪುಪ್ಪುಸಕ್ಕ
ಗಾಳಿ ಹೆಂಗ ತಗೋಬೇಕಂತ ಮುಂಗಡ ಪಾಠ.
ನಂಜು ಏರಬಾರದಂತ ಗುಳಿಗಿ; ಹೊಟ್ಟಿ ತೊಳಸತಿತ್ತು.
ಸಿಸ್ಟರ್ ಬಂದು ಬಟ್ಟಿ ನೋಡ್ತಾಳ:
ಅಕ್ಕಿ ತೊಳದ ನೀರಿನಂಗೈತೋ, ಹಸರ ತಿರಗೇತೋ.
ಆಕಿಗಿಂತ ಮೊದಲ ನಾನ ನೋಡಿರ್ತೇನಿ.
ನಾಚಿಕಿ ಎರಡ ದಿನದಾಗ ಸತ್ತಿತು.
ಎದಿ ಬಡಿತ ಕೇಳಸ್ತಾರ, ನೂರಾ ನಲವತ್ತು.
ಫಾಲ್ ಹಚ್ಚೂ ಮುಂದ ನನ್ನ ಮಷೀನು ಹಿಂಗ ಓಡತಿತ್ತು.

ಬಾಜೂ ಕಾಟಿನಾಕಿ, ಮುಳಗುಂದದ ಮಾಬುಬಿ:
"ಎಳನೀರು ಕುಡಿಯವಾ, ಒಳಗ ತುಂಬತೈತಿ."
ಮೇಡಮ್ಮಗ ಕೇಳಿದೆ.
"ಕುಡಿ. ಆದ್ರ ತುಂಬಾಕಿ ನೀ ಅಲ್ಲ, ಕೂಸು.
ಅದು ಉಚ್ಚಿ ಹೊಯ್ದಷ್ಟೂ ನೀರು ಕೂಡತೈತಿ."

ಅಯ್ಯ!
ಆರು ದಿನದ ಮ್ಯಾಲ ನಕ್ಕೆ.
ನಕ್ಕಿದ್ದಕ್ಕ ಒಂದೀಟು ಸೋರಿತು, ನಗೂದು ಸಾಕ ಮಾಡಿದೆ.
ಹೊರಗ ನಾವು ಎಂಟ ದಿನ
ಎರಡು ಬ್ಯಾರಲ್ ಹಿಡದು ಹಿಡದು ಬಳಸತಿದ್ರ
ಒಳಗ, ಒಂದೂವರಿ ಕೆಜಿ ಇನ್ನೂ ಆಗದ್ದು,
ತೂತಬಿದ್ದ ಕೊಡದಾಗ ಕುಂತು
ತನ್ನ ನೀರು ತಾನ ತುಂಬಾಕತ್ತೈತಿ,
ಯಾರ ಪಾಳಿನೂ ಕಾಯದ.

ಒಂದು ನೀರು ದಾಟೇತಿ.
ಇವತ್ತ ಸಂಜಿಗೆ ಮೈ ಬೆಚ್ಚಗ ಅನಿಸಿತು.
ಹತ್ತ ನಿಮಿಷ ಯಾರಿಗೂ ಹೇಳದ ಕುಂತೆ.
ಆಮ್ಯಾಲ ನಾನ ಕರದೆ: ಸಿಸ್ಟರ್, ಜ್ವರ ನೋಡ್ರಿ.

ಕಂಕುಳದಾಗ ಗಾಜು ತಣ್ಣಗ.
ಅಷ್ಟೊತ್ತಿಗೆ ಅತ್ತಿ ಫೋನು,
ಹಿಂದ ಕೊಡಗೋಳ ಸಪ್ಪಳ:
"ನೀರು ಬಂದೈತಿ ನೋಡ, ಪಾಳಿಗಿಂತ ಒಂದಿನ ಮೊದಲ!"

ಸಿಸ್ಟರ್ ಗಾಜಿನ ಕಡ್ಡಿ ಲೈಟಿಗೆ ಹಿಡದು ತಿರವಾಕತ್ತಾಳ.

ತುಂಬಸ್ರಿ ಅತ್ತಿ, ಅಂದೆ.
ಎಲ್ಲಾ ತುಂಬಸ್ರಿ.