ಅಧ್ಯಾಯ ಐದು: ಚರ್ಚೆ

ಮೇ ತಿಂಗಳ ಕಲಬುರಗಿ. ರಾತ್ರಿ ಹನ್ನೊಂದಾದರೂ
ಹಾಸ್ಟೆಲಿನ ಗೋಡೆ ಇನ್ನೂ ರೊಟ್ಟಿ ಹಂಚು.
ಕೂಲರಿನ ನೀರು ಆರಿ, ಅದು ಬರೀ ಗೊರಕೆ.
ಮಂಚ ಬಿಟ್ಟು ನೆಲಕ್ಕಿಳಿದಿದ್ದೇನೆ,
ಎದೆಯಡಿ ದಿಂಬು, ಎದುರಿಗೆ ಲ್ಯಾಪ್‌ಟಾಪು,
ಅದರಲ್ಲಿ ಒಂದೇ ಪದ: ಚರ್ಚೆ.
ಪದದ ಮುಂದೆ ಮಿಣುಕುವ ಗೀಟು,
ಯಾರೋ ಬಾಗಿಲಲ್ಲಿ ನಿಂತು
ಬರ್ತೀಯೋ ಇಲ್ಲೋ ಅಂದ ಹಾಗೆ.

ನಾಲ್ಕನೇ ಅಧ್ಯಾಯಕ್ಕೆ ಇಷ್ಟು ತ್ರಾಸಿರಲಿಲ್ಲ.
ಇನ್ನೂರ ಹನ್ನೆರಡು ಹೆಂಗಸರು, ಇಪ್ಪತ್ತಾರು ಪ್ರಶ್ನೆ,
ಹದಿನಾಲ್ಕು ಕಲ್ಲು ಪಾಲಿಶ್ ಶೆಡ್ಡು.
ಎಣಿಸಿದೆ, ಕೂಡಿಸಿದೆ, ಶೇಕಡಾ ತೆಗೆದೆ.
ಕೋಷ್ಟಕದ ಗೆರೆ ಮೀರಿ ಯಾರೂ ಒಂದು ಮಾತಾಡಲಿಲ್ಲ.

ನುಸ್ರತ್ ಮೇಡಂ ಹೇಳಿದ್ದರು:
"ಫಲಿತಾಂಶ ಅಂದ್ರ ಏನು ಸಿಕ್ತು ಅನ್ನೋದು.
ಚರ್ಚೆ ಅಂದ್ರ, ಸಿಕ್ಕಿದ್ದಕ್ಕ ಏನು ಅರ್ಥ ಅನ್ನೋದು.
ಮುಂಚೆ ಬರದವರು ಏನಂದಾರ, ನೀ ಏನಂತಿ,
ಎಲ್ಲಾರನ್ನೂ ಒಂದೇ ಚಾಪಿ ಮ್ಯಾಲ ಕೂಡಿಸು."

ಕೂಡಿಸಿದೆ.
ರಾಜಸ್ಥಾನದ ಗಣಿ ಬಂತು, ಬ್ರೆಜಿಲ್ಲಿನದೂ ಬಂತು.
"ಇದಕ್ಕೆ ಪೂರಕವಾಗಿ", "ಇದಕ್ಕೆ ವ್ಯತಿರಿಕ್ತವಾಗಿ",
ಹೊಸ ಬೀಗರ ಮಾತಿನ ಹಾಗೆ ನಯ.

ಹದಿನೇಳನೇ ಪ್ರಶ್ನೆ ಮಾತ್ರ ಚಾಪೆ ಮೇಲೆ ಕೂಡಲೊಲ್ಲದು.
ಕೆಮ್ಮು ಶುರುವಾಗಿ ಎಷ್ಟು ದಿನ ಆಯಿತು?
(ಅ) ತಿಂಗಳೊಳಗೆ (ಆ) ವರ್ಷದೊಳಗೆ
(ಇ) ಅದಕ್ಕೂ ಹೆಚ್ಚು (ಈ) ಗೊತ್ತಿಲ್ಲ.
ಗೊತ್ತಿಲ್ಲ ಅಂದವರು ಅರವತ್ತೊಂದು.
"ಮಿಸ್ಸಿಂಗ್ ಅಂತ ತೆಗೆದುಬಿಡ್ರಿ" ಅಂದ
ಗಂಟೆಗೆ ಮುನ್ನೂರು ತೊಗೊಳ್ಳುವ ಅಂಕಿಸಂಖ್ಯೆಯ ಹುಡುಗ.
ತೆಗೆದೆ. ನೂರಾ ಐವತ್ತೊಂದು ಉಳಿಯಿತು.
ಫಲಿತಾಂಶ ಚೊಕ್ಕ ಬಂತು.

ಕಾಣೆಯಾದವರು ಯಾರೂ ಕಾಣೆಯಾಗಿರಲಿಲ್ಲ.
ಅಲ್ಲೇ ಇದ್ದರು, ಶಹಾಬಾದಿನ ಶೆಡ್ಡಿನಲ್ಲಿ,
ಮೀನಗಂಡದ ತನಕ ಬೂದಿ ಬಣ್ಣದ ನೀರಲ್ಲಿ,
ಸೆರಗು ಮೂಗಿಗೆ ಕಟ್ಟಿ, ಹುಬ್ಬೂ ರೆಪ್ಪೆಯೂ ಬೆಳ್ಳಗಾಗಿ
ಇಪ್ಪತ್ತರವಳೂ ಐವತ್ತರವಳೂ ಓರಗೆಯವರ ಹಾಗೆ.

ತೊಂಬತ್ತನಾಲ್ಕನೇ ನಮೂನೆ, ಚಂದಮ್ಮ.
ಕೇಳಿದಾಗ ಮಷೀನು ನಿಲ್ಲಿಸಲಿಲ್ಲ.
ಮುಕದ್ದಮ ಆಕೆಯ ಬೆನ್ನ ಹಿಂದೆ
ಹಲ್ಲಿನ ಸಂದಿಯ ಅಡಕೆ ಹೆಕ್ಕುತ್ತ ನಿಂತಿದ್ದ.
ಆಕೆ ಅವನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ,
ಕಲ್ಲು ನೋಡಿ ಅಂದಳು: "ಗೊತ್ತಿಲ್ರೀ."
ಆಮೇಲೆ ಕುಡಿಯೋ ನೀರಿನ ಕೊಡದ ಹತ್ತಿರ, ತಾನೇ ಬಂದು:
"ಯವ್ವಾ, ಸಣ್ಣಾಕಿಗಿ ಮೊಲಿ ಬಿಡಿಸಿದ ವರ್ಷ ಹತ್ತಿದ್ದು ಇದು.
ಆಕಿಗೀಗ ಎರಡು ಮಕ್ಕಳು.
ನಿನ್ನ ಹಾಳ್ಯಾಗ ಅಷ್ಟು ಜಾಗಾ ಎಲ್ಲದ?"

ಅಷ್ಟರಲ್ಲಿ ನಾನು (ಈ)ಗೆ ಟಿಕ್ ಹಾಕಿಯಾಗಿತ್ತು.
ಪೆನ್ನಿನಲ್ಲಿ.

ಚರ್ಚೆಯ ಕಡೆಗೆ ಅರ್ಧ ಪುಟ, "ಅಧ್ಯಯನದ ಮಿತಿಗಳು".
ಎಲ್ಲರೂ ಬರೆಯುವುದು ಅದೇ: ಮಾದರಿ ಚಿಕ್ಕದು, ಕಾಲ ಸಾಲದು.
ಬಸ್ಸಿನ ಅವಸರದವಳು ನಾನು,
ಮುಕದ್ದಮನ ಚಹಾ ಕುಡಿದವಳು,
ಅವನ ಕುರ್ಚಿಯಲ್ಲೇ ಕೂತು ಕೇಳಿದವಳು
ಅಂತ ಬರೆಯಲಿಕ್ಕೆ ಯಾವ ಹಳೇ ಪ್ರಬಂಧದಲ್ಲೂ
ಕದಿಯಲು ಒಂದು ವಾಕ್ಯ ಸಿಗಲಿಲ್ಲ.

ಕರೆಂಟು ಹೋಯಿತು. ಕೂಲರಿನ ಗೊರಕೆ ನಿಂತಿತು.
ಕೆನ್ನೆ ನೆಲಕ್ಕಿಟ್ಟೆ. ತಂಪು.
ಈ ಬಿಸಿಲೂರಿನಲ್ಲಿ ನಂಬುವಂಥ ತಂಪು ಇದೊಂದೇ ಅಂತ
ಮೂರು ಬೇಸಿಗೆ ಇದರ ಮೇಲೆ ಮಲಗಿ ಕಳೆದಿದ್ದೇನೆ.
ಫರಸಿ.
ಎರಡಡಿಗೆ ಎರಡು, ನುಣುಪು,
ಒಂದು ಮೂಲೆಯಲ್ಲಿ ಅರ್ಧಚಂದ್ರದ ಗೀರು,
ಮಷೀನು ಹಿಡಿದವಳಿಗೆ ಆಗಲೇ
ಕೆಮ್ಮು ಬಂದ ಹಾಗೆ.

ಬ್ಯಾಟರಿ ಇರುವ ತನಕ ಬರೆದೆ:
"ಗೊತ್ತಿಲ್ಲ ಎಂಬುದನ್ನು ಉತ್ತರವೆಂದೇ ಓದಬೇಕು.
ಕೇಳಿದವರು ಯಾರ ಕುರ್ಚಿಯಲ್ಲಿ ಕೂತಿದ್ದರು
ಎಂಬುದನ್ನು ಅದು ಹೇಳುತ್ತದೆ."
ಅರವತ್ತೊಂದನ್ನೂ ಕೋಷ್ಟಕಕ್ಕೆ ವಾಪಸು ಕರೆತಂದೆ.
ಶೇಕಡಾ ಎಲ್ಲ ಕೆಟ್ಟುಹೋದವು.

ಮೇಡಂ ಓದಿದರು. ಬಹಳ ಹೊತ್ತು ಕನ್ನಡಕ ಒರೆಸಿದರು.
ಅಂಚಿನಲ್ಲಿ ಸಣ್ಣಗೆ ಬರೆದು ಕೊಟ್ಟರು:
ಆಕರ?

ನಾಳೆ ಮುಂಜಾನೆ ಶಹಾಬಾದಿಗೆ ಪ್ಯಾಸೆಂಜರು ಇದೆ,
ಹೊತ್ತಿಗೆ ಬಂದರೆ.
ಈ ಸಲ ಪೆನ್ಸಿಲ್ ಒಯ್ಯುತ್ತೇನೆ.