ಐದು ಅಂಕದ ಪ್ರಶ್ನೆ

ಗುಳೇದಗುಡ್ಡದ ಕಾಲೇಜು, ಮೂರನೇ ತಾಸು.
ಕಿಟಕಿಯಾಚೆ ಕೆಂಪು ಬಂಡೆ ಬಿಸಿಲಿಗೆ ಕಾಯುತ್ತಿದೆ.
ಒಳಗೆ ನಾನು
ನಾನೂರು ವರ್ಷ ಹಿಂದಿನ ಲಂಡನ್ನಿಗೆ
ಬಟ್ಟೆ ತೊಡಿಸುತ್ತಿದ್ದೇನೆ.

ಬರಕೊಳ್ರಿ, ಅಂದೆ.
ನೇರಳೆ ರೇಷ್ಮೆ ಅರಸು ಮನೆತನಕ್ಕಷ್ಟೇ.
ಕಡುಗೆಂಪು ಮಖಮಲ್ಲು ದೊಡ್ಡ ದೊರೆಗಳಿಗೆ.
ಉಳಿದವರ ತಲೆಗೆ ರವಿವಾರ ಉಣ್ಣೆಯ ಟೊಪ್ಪಿಗೆ,
ಹಾಕದಿದ್ದರೆ ದಂಡ.
ಊರ ಬಾಗಿಲಲ್ಲಿ ಕಾವಲಿನವರು,
ಕೊರಳಪಟ್ಟಿಯ ನಿರಿಗೆ ಅಳತೆ ಮೀರಿತೋ
ಹಿಡಿದು ನಿಲ್ಲಿಸಿ ಕತ್ತರಿಸುವರು.

ಹಿಂದಿನ ಬೆಂಚು ನಕ್ಕಿತು.
ನಮ್ಮ ಗೇಟಿನಲ್ಲೂ ಹಲಗಲಿ ಸರ್
ವೇಲು, ಪಿನ್ನು, ಗುರುತಿನ ಚೀಟಿ ನೋಡಿಯೇ
ಒಳಗೆ ಬಿಡುವುದು.

ಆಮೇಲೆ ಗಂಜಿಯ ಬಗ್ಗೆ ಹೇಳಿದೆ.
ಆ ಕೊರಳಪಟ್ಟಿ ನವಿಲುಗರಿಯಂತೆ ಸೆಟೆದು ನಿಲ್ಲಲು
ಗೋಧಿ ಬೇಕಿತ್ತು. ಬೆಳೆ ಕೈಕೊಟ್ಟ ವರ್ಷವೂ
ರೊಟ್ಟಿಯಾಗಬೇಕಾದ ಕಾಳು
ದೊರೆಗಳ ಕುತ್ತಿಗೆ ಏರಿ ಕೂತಿತ್ತು.
ಸೈತಾನನ ತೀರ್ಥ ಅದು, ಅಂದರು ಸಿಟ್ಟಿನ ಬೋಧಕರು.

ಗಂಜಿ ಅಂದದ್ದಕ್ಕೇ ಇರಬೇಕು
ಎದ್ದು ನಿಂತಳು ಶಾಕಂಬರಿ ರಂಜಣಗಿ.
ನಸುಕಿನಲ್ಲಿ ಹಾಸಿನ ಮೇಲೆ ಕುಂಚ ಎಳೆದು ಬಂದವಳು,
ಬೆರಳ ಸಂದಿಯಲ್ಲಿ ಇನ್ನೂ ಒಣಗಿದ ಬಿಳಿ ಪೊರೆ.
"ಮೇಡಂ, ಆ ಮಖಮಲ್ಲು ನೇಯ್ದವರು
ಏನ ಉಡತಿದ್ರ್ರೀ?"

ನೋಟ್ಸಿನಲ್ಲಿ ಇರಲಿಲ್ಲ.
ಪುಟ ತಿರುವಿದೆ. ಕನ್ನಡಕ ಒರೆಸಿದೆ.
ತಪ್ಪಿಸಿಕೊಳ್ಳಲಿಕ್ಕೆ ಇನ್ನೊಂದು ಕಥೆ ತೆಗೆದೆ:
ದೊರೆ ಸಾಯುವಾಗ ಅಂಗಿಯನ್ನು ಆಳಿಗೆ ಬರೆದಿಟ್ಟು ಹೋಗುತ್ತಿದ್ದ,
ಆಳು ಅದನ್ನು ತೊಡುವಂತಿಲ್ಲ,
ಬಂದಷ್ಟಕ್ಕೆ ನಾಟಕದವರಿಗೆ ಮಾರುತ್ತಿದ್ದ.
ಮಧ್ಯಾಹ್ನ ಎರಡಕ್ಕೆ, ನಡುವೆ ಸೂರಿಲ್ಲದ ಆಟದ ಮನೆಯಲ್ಲಿ
ಸಿಂಪಿಗರ ಹುಡುಗ, ಇನ್ನೂ ದನಿ ಒಡೆಯದವ,
ಆ ಮಖಮಲ್ಲಿನೊಳಗೆ ರಾಣಿಯಾಗುತ್ತಿದ್ದ.
ಒಂದು ಕಾಸು ಕೊಟ್ಟು ನೆಲದ ಮೇಲೆ ನಿಂತವರು
ಅವನ ಗಂಡ ಸತ್ತನೆಂದು ಅಳುತ್ತಿದ್ದರು.
ಅಲ್ಲಿ ಮಾತ್ರ ಯಾವ ಕಾವಲಿನವನೂ
ಕತ್ತರಿ ತೆಗೆಯಲಿಲ್ಲ.

"ನಮ್ಮ ಮುತ್ಯಾನೂ ರಾಣಿ ಪಾರ್ಟು ಮಾಡಿದ್ದಾರ್ರೀ."
ಕೂತಿರಲೇ ಇಲ್ಲ ಆಕೆ.
ಕಂಪನಿ ಊರಿಗೆ ಬಂದಾಗ ಅವನಿಗೆ ಹದಿನಾಲ್ಕು.
ಅವನವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯ್ದ
ಆನಿಹೆಜ್ಜಿ ಖಣ, ಸಾವಕಾರನ ಗಂಟಿಗೆ ಹೋಗಬೇಕಾದದ್ದು,
ಒಂದು ರಾತ್ರಿ ಮಗನ ಮೈಮೇಲಿತ್ತು.
ಬೆಳಿಗ್ಗೆ ಅದರ ತುಂಬ ಬೆವರು, ಗುಲಾಬಿ ಪೌಡರು.
ತೊಳೆದರೂ ಹೋಗಲಿಲ್ಲ. ಸಾವಕಾರ ಕೂಲಿ ಮುರಿದ.
"ಅದಕ್ಕ ಅದು ಮನ್ಯಾಗ ಉಳೀತ್ರೀ.
ಅಷ್ಟು ನೇಯ್ದದ್ದರಾಗ ಉಳದದ್ದು ಅದೊಂದ."

ಗಂಟೆ ಹೊಡೆಯಿತು.

ಆ ರಾತ್ರಿ ಪುಸ್ತಕ ಹರವಿಕೊಂಡು ಹುಡುಕಿದೆ.
ಸಿಕ್ಕರು, ಅಡಿಟಿಪ್ಪಣಿಯ ಸಣ್ಣ ಅಕ್ಷರದಲ್ಲಿ:
ಧರ್ಮದ ಜಗಳಕ್ಕೆ ಊರು ಬಿಟ್ಟು
ಸಮುದ್ರ ದಾಟಿ ಓಡಿಬಂದ ನೇಕಾರರು.
ಪರದೇಶಿಗಳು ನಮ್ಮ ಅನ್ನ ಕಿತ್ತರೆಂದು
ಅವರ ಗುಡಿಯ ಗೋಡೆಗೆ ಚೀಟಿ ಅಂಟಿಸಿದ್ದರಂತೆ.
ಏನು ಉಡುತ್ತಿದ್ದರೆಂದು ಅಲ್ಲೂ ಇಲ್ಲ.
ಕೆಳಗಿನ ಓಣಿಯಲ್ಲಿ ಯಾರದೋ ಮಗ್ಗ
ಹನ್ನೊಂದರ ತನಕ ಬಡಿಯುತ್ತಲೇ ಇತ್ತು.

ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬಂತು:
ಉಡುಪಿನ ಕಾಯ್ದೆಗಳು, ಟಿಪ್ಪಣಿ ಬರೆಯಿರಿ.
ಮೂವತ್ತೆಂಟು ಮಂದಿ ನನ್ನ ನೋಟ್ಸು ನನಗೇ ಮರಳಿಸಿದರು
ಸ್ಪೆಲಿಂಗ್ ತಪ್ಪಿನ ಸಮೇತ.
ಆ ಕಾಲದ ಇಂಗ್ಲೆಂಡಿನವರೂ
ಮನಸ್ಸಿಗೆ ಬಂದ ಹಾಗೆ ಬರೆಯುತ್ತಿದ್ದರೆಂದು
ನಾನೂ ಬಿಟ್ಟುಕೊಟ್ಟೆ.
ಶಾಕಂಬರಿಯದು ಎರಡೇ ಸಾಲು:
ಉಡುವವರಿಗೆ ಕಾಯ್ದೆ ಇತ್ತು.
ನೇಯುವವರಿಗೆ ಕೂಲಿ.

ಕೆಂಪು ಪೆನ್ನು ಹಿಡಿದ ನನ್ನ ಕೈಗೆ
ಖಣದ ಕುಪ್ಪಸದ ತೋಳು,
ಶನಿವಾರ ಪೇಟೆಯಲ್ಲಿ ಜಗ್ಗಾಡಿ
ಇಪ್ಪತ್ತು ರೂಪಾಯಿ ಇಳಿಸಿ ತಂದದ್ದು.

ಅಂಕ ಇನ್ನೂ ಹಾಕಿಲ್ಲ.